ಬೆಂಗಳೂರು ಬಿಡುವ ಮುನ್ನ ‘ಎರಡನೆಯದು’ ಇದೆಯೇ ನೋಡಿ

ಬೆಂಗಳೂರು ಬಿಟ್ಟು ಮೈಸೂರಿಗೋ ಹುಬ್ಬಳ್ಳಿಗೋ ಹೋಗಿಬಿಡೋಣ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಕಡಿಮೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಹೆಬ್ಬಾಳದ ಫ್ಲೈಓವರ್ ಮೇಲೆ, ಇಲ್ಲವೇ 2024ರಂಥ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುತ್ತ ನಿಂತಾಗ ಹುಟ್ಟುತ್ತದೆ. ಆ ಬೇಸರದಲ್ಲಿ ಸುಳ್ಳೇನಿಲ್ಲ. ಆದರೆ ಬೇಸರದಲ್ಲಿ ಹಾಕಿದ ಲೆಕ್ಕದಲ್ಲಿ ಎರಡೇ ಅಂಕಿ ಇರುತ್ತವೆ: ಇಲ್ಲಿಯ ಬಾಡಿಗೆ, ಅಲ್ಲಿಯ ಬಾಡಿಗೆ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಉತ್ತರ ಯಾವಾಗಲೂ ‘ಹೊರಡು’ ಎಂದೇ ಹೇಳುತ್ತದೆ.

ಬೆಂಗಳೂರಿನ ಬಾಡಿಗೆಯಲ್ಲಿ ಮನೆಯ ಜೊತೆ ಇನ್ನೊಂದು ವಸ್ತುವಿಗೂ ನಾವು ದುಡ್ಡು ಕೊಡುತ್ತಿರುತ್ತೇವೆ. ಈ ಕಂಪನಿ ಕೈಬಿಟ್ಟರೆ ಅದೇ ರಿಂಗ್ ರೋಡಿನಲ್ಲಿ ಮತ್ತೊಂದು ಕಂಪನಿ ಇದೆ. ಈ ಶಾಲೆ ಮಗುವಿಗೆ ಒಗ್ಗದಿದ್ದರೆ ಮೂರು ಕಿಲೋಮೀಟರಿನಲ್ಲಿ ಇನ್ನೊಂದಿದೆ. ಈ ಡಾಕ್ಟರ ಮಾತು ಮನಸ್ಸಿಗೆ ಬರದಿದ್ದರೆ ಬೇರೊಬ್ಬರ ಅಭಿಪ್ರಾಯ ಕೇಳಲು ಸಂಜೆಯೇ ಹೋಗಬಹುದು. ಮಹಾನಗರ ದುಬಾರಿ ಬೆಲೆಗೆ ಮಾರುವುದು ಈ ‘ಎರಡನೆಯದನ್ನು’. ಜಿಲ್ಲಾ ಕೇಂದ್ರಗಳಲ್ಲಿ ಮೊದಲನೆಯದು ಬಹಳ ಸಲ ಚೆನ್ನಾಗಿಯೇ ಇರುತ್ತದೆ, ಬೆಂಗಳೂರಿಗಿಂತ ವಾಸಿಯೂ ಇರಬಹುದು. ಅದು ಕೈಕೊಟ್ಟಾಗ ಏನು ಎಂಬುದೇ ಅಲ್ಲಿಯ ಪ್ರಶ್ನೆ. ಊರು ಬದಲಿಸಲು ಯೋಚಿಸುವವರು ತಮ್ಮ ಮನೆಗೆ ಬೇಕೇಬೇಕಾದ ಮೂರು–ನಾಲ್ಕು ಸಂಗತಿ ಬರೆದುಕೊಂಡು, ಒಂದೊಂದರ ಎದುರಿಗೂ ಆ ಊರಿನಲ್ಲಿ ಎರಡನೆಯದು ಇದೆಯೇ ಎಂದು ನೋಡುವುದು ಒಳ್ಳೆಯದು. ಕೆಳಗಿನದ್ದೆಲ್ಲ ಅದರದ್ದೇ ವಿವರ.

ಬಾಡಿಗೆ ಉಳಿಯಿತು, ಸಂಬಳ?

ಲೆಕ್ಕಕ್ಕೊಂದು ಸಂಸಾರ ಇಟ್ಟುಕೊಳ್ಳೋಣ. ಗಂಡ–ಹೆಂಡತಿ ಇಬ್ಬರೂ ದುಡಿಯುತ್ತಾರೆ. ಬೆಂಗಳೂರಿನಲ್ಲಿ 32 ಸಾವಿರ ಬಾಡಿಗೆಯ ಮನೆಯಂಥದ್ದೇ ಹೊಸ ಊರಿನಲ್ಲಿ 16 ಸಾವಿರಕ್ಕೆ ಸಿಕ್ಕಿತು. ವರ್ಷಕ್ಕೆ 1.92 ಲಕ್ಷ ರೂಪಾಯಿ ಉಳಿತಾಯ. ಇಷ್ಟಕ್ಕೇ ಮನಸ್ಸು ಅರ್ಧ ಗಂಟುಮೂಟೆ ಕಟ್ಟಿರುತ್ತದೆ. ಈಗ, ತಿಂಗಳಿಗೆ 45 ಸಾವಿರ ತರುತ್ತಿದ್ದ ಹೆಂಡತಿಗೆ ಹೊಸ ಊರಿನಲ್ಲಿ ಒಂದು ವರ್ಷ ಕೆಲಸ ಸಿಗಲಿಲ್ಲ ಅನ್ನಿ. ಹೋದದ್ದು 5.4 ಲಕ್ಷ, ಅಂದರೆ ಹೆಚ್ಚೂಕಡಿಮೆ ಮೂರು ವರ್ಷದ ಬಾಡಿಗೆ ಉಳಿತಾಯ. ಊರು ಬದಲಿಸುವ ಚರ್ಚೆಯಲ್ಲಿ ದೊಡ್ಡ ಸಂಬಳದವರ ಕೆಲಸದ ಮಾತು ಗಂಟೆಗಟ್ಟಲೆ ನಡೆಯುತ್ತದೆ; ಇನ್ನೊಬ್ಬರದ್ದು ‘ಅಲ್ಲಿ ಹೋಗಿ ಏನಾದರೂ ನೋಡಿಕೊಂಡರಾಯಿತು’ ಎಂಬಲ್ಲಿಗೆ ಮುಗಿಯುತ್ತದೆ. ಆ ‘ಏನಾದರೂ’ ಯಾವುದು, ಎಲ್ಲಿ, ಎಷ್ಟಕ್ಕೆ ಎಂದು ಹೊರಡುವ ಮೊದಲೇ ಗೊತ್ತಿರಬೇಕು.

ಅಗ್ಗವಾಗುವುದು ಯಾವುದು, ಆಗದೇ ಇರುವುದು ಯಾವುದು ಎಂಬುದೂ ತಿಳಿದಿರಲಿ. ಜಾಗದ ಬೆಲೆ ಇಳಿಯುತ್ತದೆ, ದುಡಿಮೆಯ ಬೆಲೆ ಇಳಿಯುತ್ತದೆ. ಮನೆ ಬಾಡಿಗೆ, ಮನೆಗೆಲಸದವರ ಸಂಬಳ, ಪ್ಲಂಬರ್ ಕೂಲಿ, ದರ್ಶಿನಿಯ ತಿಂಡಿ ಎಲ್ಲ ಈ ಪೈಕಿ. ಕಾರಿನ ಇಎಂಐ, ಪೆಟ್ರೋಲು, ಗ್ಯಾಸ್ ಸಿಲಿಂಡರು, ಮೊಬೈಲ್ ಬಿಲ್ಲು, ಆನ್‌ಲೈನಿನಲ್ಲಿ ತರಿಸುವ ಸಾಮಾನು ಇವಕ್ಕೆ ಊರಿನ ಹಂಗಿಲ್ಲ. ಹುಟ್ಟಿದ ಜಿಲ್ಲೆಗೇ ಮರಳುವವರಿಗೆ ಇನ್ನೊಂದು ಬಾಬತ್ತು ಹೊಸದಾಗಿ ಸೇರಿಕೊಳ್ಳುತ್ತದೆ: ಮುಯ್ಯಿ. ಬೆಂಗಳೂರಿನಲ್ಲಿದ್ದಾಗ ‘ರಜೆ ಸಿಗಲಿಲ್ಲ’ ಎಂದು ತಪ್ಪಿಸಿಕೊಂಡ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆಲ್ಲ ಇನ್ನು ಖುದ್ದು ಹಾಜರಿ ಹಾಕಬೇಕು. ನಗುವ ಮಾತೇನಲ್ಲ, ಮಾಘ–ವೈಶಾಖದಲ್ಲಿ ಇದೇ ಒಂದು ಸಣ್ಣ ಬಾಡಿಗೆಯಷ್ಟಾಗುತ್ತದೆ.

ಸರ್ಕಾರಿ ನೌಕರರ ಸಂಬಳ ಊರಿನ ದರ್ಜೆಯ ಮೇಲೆ ಕೂಡಲೇ ಬದಲಾಗುತ್ತದೆ. ಕೇಂದ್ರ ಸರ್ಕಾರದ 7ನೇ ವೇತನ ಆಯೋಗದ ಪದ್ಧತಿಯಲ್ಲಿ, ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ಮನೆ ಬಾಡಿಗೆ ಭತ್ಯೆ ‘ಎಕ್ಸ್’ ದರ್ಜೆಯ ಊರಿಗೆ ಮೂಲ ವೇತನದ ಶೇ 30, ‘ವೈ’ ದರ್ಜೆಗೆ ಶೇ 20, ಉಳಿದ ‘ಝಡ್’ ಊರುಗಳಿಗೆ ಶೇ 10. ಬೆಂಗಳೂರು ‘ಎಕ್ಸ್’. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿ ‘ವೈ’. ಮೂಲ ವೇತನ 60 ಸಾವಿರ ಇರುವವರು ಬೆಂಗಳೂರಿನಿಂದ ಮೈಸೂರಿಗೆ ವರ್ಗ ಕೇಳಿ ಪಡೆದರೆ ಭತ್ಯೆಯಲ್ಲೇ ತಿಂಗಳಿಗೆ 6 ಸಾವಿರ ಕಡಿಮೆ; ‘ಝಡ್’ ಊರಿಗೆ ಹೋದರೆ 12 ಸಾವಿರ. ಬಾಡಿಗೆಯ ಉಳಿತಾಯದಿಂದ ಇದನ್ನು ಕಳೆದೇ ಮುಂದಿನ ಲೆಕ್ಕ.

ಖಾಸಗಿಯವರು ನೋಡಬೇಕಾದದ್ದು ಪತ್ರದ ಒಕ್ಕಣೆಯನ್ನು. ‘ಮನೆಯಿಂದ ಕೆಲಸ ಮಾಡಿ, ತೊಂದರೆಯಿಲ್ಲ’ ಎಂದು ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಆ ಮ್ಯಾನೇಜರ್ ಇರುವವರೆಗೆ. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿ ನೆಲೆಸಿದವರನ್ನು ಕಂಪನಿಗಳು ಮತ್ತೆ ಕಚೇರಿಗೆ ಕರೆಸಿಕೊಂಡಾಗ ಉಳಿದುಕೊಂಡವರು, ಕೆಲಸದ ಸ್ಥಳ ಯಾವುದೆಂದು ಕಾಗದದಲ್ಲಿ ಬರೆಸಿಕೊಂಡಿದ್ದವರು. ನಿಮ್ಮ ನೇಮಕಾತಿ ಪತ್ರದಲ್ಲಿ ಸ್ಥಳ ‘ಬೆಂಗಳೂರು’ ಎಂದೇ ಇದ್ದರೆ, ಮೊದಲು ಅದನ್ನು ತಿದ್ದಿಸಿ, ಆಮೇಲೆ ಲಾರಿ ಗೊತ್ತುಮಾಡಿ.

ಐಟಿಯಿಂದ ಹೊರಗಿನ ವೃತ್ತಿಯವರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ಶಿಕ್ಷಕರಿಗೆ ಜಿಲ್ಲಾ ಕೇಂದ್ರದಲ್ಲಿ ಗಿರಾಕಿಗಳು ಮತ್ತು ಜಾಗ ಎರಡೂ ಸಿಗುತ್ತವೆ. ಹೈಕೋರ್ಟಿನ ಪೀಠಗಳು ಧಾರವಾಡ, ಕಲಬುರಗಿಗಳಲ್ಲಿ 2008ರಿಂದ ನಡೆಯುತ್ತಿವೆ. ಉತ್ತರ ಕರ್ನಾಟಕದ ಎಷ್ಟೋ ವಕೀಲರಿಗೆ ಬೆಂಗಳೂರಿನ ಅನಿವಾರ್ಯತೆ ಅಲ್ಲಿಗೆ ತಪ್ಪಿತು. ಐಟಿಯ ಸ್ಥಿತಿ ಬೇರೆ. ಇನ್ಫೋಸಿಸ್ 2024ರಲ್ಲಿ ತನ್ನ ಹುಬ್ಬಳ್ಳಿ ಕೇಂದ್ರಕ್ಕೆ ಹೋಗುವ ನೌಕರರಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೂ ಪ್ರೋತ್ಸಾಹಧನ ಪ್ರಕಟಿಸಿತು. ಒಳ್ಳೆಯ ಸುದ್ದಿಯೇ. ಆದರೆ ಅದರಲ್ಲೊಂದು ಸುಳಿವೂ ಇದೆ: ಮಹಾನಗರ ಬಿಟ್ಟು ಬರುವವನು ಏನನ್ನೋ ಬಿಟ್ಟುಬರುತ್ತಾನೆ, ಅದಕ್ಕೆ ಬೆಲೆ ಕಟ್ಟಿಕೊಡಬೇಕು ಎಂಬುದು ಕಂಪನಿಗೆ ಗೊತ್ತಿದೆ. ನಿಮ್ಮ ಕಂಪನಿ ಕಟ್ಟದಿದ್ದರೆ ನೀವೇ ಕಟ್ಟಿಕೊಳ್ಳಿ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ಬದುಕುತ್ತಿದ್ದವರು, ಒಂದೇ ದೊಡ್ಡ ಕಂಪನಿಯಿರುವ ಊರಿಗೆ ಹೋಗುವಾಗ ಹನ್ನೆರಡು ತಿಂಗಳದ್ದು ಇಟ್ಟುಕೊಂಡು ಹೋಗಬೇಕು. ಅಲ್ಲಿ ಎರಡನೆಯ ಕೆಲಸ ಹುಡುಕಲು ಅಷ್ಟು ಕಾಲ ಬೇಕು.

ವಾಪಸು ಬರುವ ದಾರಿ

ಊರು ಬಿಟ್ಟರೂ ಬೆಂಗಳೂರು ಬಿಡುವುದಿಲ್ಲ. ತಿಂಗಳಿಗೆ ಎಷ್ಟು ಸಲ ಅಲ್ಲಿಗೆ ಬರಬೇಕಾದೀತು ಎಂಬುದರ ಮೇಲೆ ಊರಿನ ಆಯ್ಕೆ ನಿಂತಿದೆ.

ವಾರಕ್ಕೆ ಎರಡು–ಮೂರು ಸಲ ಎಂದಾದರೆ ತುಮಕೂರು, ರಾಮನಗರ, ಮಂಡ್ಯ, ಹೆಚ್ಚೆಂದರೆ ಮೈಸೂರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 119 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ತೋರಿಸಿ ‘ಒಂದೂವರೆ ಗಂಟೆ’ ಎನ್ನುತ್ತಾರೆ. ಅದು ಊರಂಚಿನಿಂದ ಊರಂಚಿಗೆ. ಮೈಸೂರಿನ ವಿಜಯನಗರದಿಂದ ಹೊರಟವರು ಕೆಂಗೇರಿ ಮುಟ್ಟಿದ ಮೇಲೆ ವೈಟ್‌ಫೀಲ್ಡಿಗೆ ಹೋಗಬೇಕಿದ್ದರೆ, ಬಂದಷ್ಟೇ ಹೊತ್ತು ಮತ್ತೆ ಹಿಡಿದೀತು. ಬೈಕಿನಲ್ಲಿ ಓಡಾಡುವ ಯೋಚನೆಯಿದ್ದರೆ ಬಿಡಿ. ದ್ವಿಚಕ್ರ ವಾಹನ, ಆಟೊಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ರೈಲೇ ವಾಸಿ. ರೈಲ್ವೆಯ ಮಾಸಿಕ ಪಾಸು 150 ಕಿ.ಮೀ. ವರೆಗಿನ ದೂರಕ್ಕೆ ಸಿಗುತ್ತದೆ, ಮೈಸೂರು ಆ ಮಿತಿಯೊಳಗಿದೆ. ಶತಾಬ್ದಿ, ವಂದೇ ಭಾರತ್ ರೈಲುಗಳಲ್ಲಿ ಈ ಪಾಸು ನಡೆಯುವುದಿಲ್ಲ ಎಂಬುದು ನೆನಪಿರಲಿ. ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಸಾಮಾನ್ಯ ಸಾರಿಗೆ ಬಸ್ಸಿಗೆ ದುಡ್ಡಿಲ್ಲ. ಐರಾವತದಂಥ ಐಷಾರಾಮಿ ಬಸ್ಸಿಗೆ ಅದು ಅನ್ವಯಿಸದು.

ತಿಂಗಳಿಗೆ ಒಂದೆರಡು ಸಲ ಮಾತ್ರ ಬರುವುದಿದ್ದರೆ ದೂರದ ಊರುಗಳೇ ಅನುಕೂಲ, ವಿಚಿತ್ರವೆನಿಸಿದರೂ. ಹುಬ್ಬಳ್ಳಿಯಲ್ಲಿ ರಾತ್ರಿ ಊಟ ಮಾಡಿ ರೈಲೋ ಬಸ್ಸೋ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು, ಹಗಲೇನೂ ಹಾಳಾಗುವುದಿಲ್ಲ. ಹಗಲಿಗೇ ಬೇಕೆಂದರೆ 2023ರ ಜೂನ್‌ನಿಂದ ವಂದೇ ಭಾರತ್ ಇದೆ. ಮಂಗಳೂರಿನದ್ದು ಮಳೆಗಾಲದ ಪ್ರಶ್ನೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. 2024ರ ಜುಲೈನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ದಿನಗಟ್ಟಲೆ ನಿಂತವು. ಚಾರ್ಮಾಡಿ ಬಳಸಿ ಬರುವ ತಾಳ್ಮೆ ಇರುವವರಿಗೆ, ಇಲ್ಲವೇ ವಿಮಾನದ ಟಿಕೆಟ್ಟನ್ನು ಕಂಪನಿ ಕೊಡುವವರಿಗೆ ಮಂಗಳೂರು.

ವಿಮಾನ ನಿಲ್ದಾಣ ನೋಡಿ ಊರು ಆರಿಸುವವರಿಗೊಂದು ಕಿವಿಮಾತು. ಸಣ್ಣ ಊರುಗಳ ವಿಮಾನಗಳು ಬಹಳಷ್ಟು ಉಡಾನ್ ಯೋಜನೆಯ ಆಸರೆಯಲ್ಲಿ ಹಾರುತ್ತವೆ. ಆ ಯೋಜನೆಯಲ್ಲಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವ ನೆರವು ಒಂದು ಮಾರ್ಗಕ್ಕೆ 3 ವರ್ಷ. ಆಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲದಿದ್ದರೆ ಇಲ್ಲ. ಶಿವಮೊಗ್ಗದ ನಿಲ್ದಾಣಕ್ಕೆ ಮೊದಲ ಪ್ರಯಾಣಿಕ ವಿಮಾನ ಬಂದದ್ದು 2023ರ ಆಗಸ್ಟ್ 31ರಂದು. ಅಲ್ಲಿಗೆ ಹೋಗಲು ಕಾರಣಗಳು ಬೇಕಾದಷ್ಟಿವೆ, ತುಂಗೆ ಇದೆ, ಮಲೆನಾಡು ಮಗ್ಗುಲಲ್ಲಿದೆ. ವಿಮಾನವನ್ನು ಆ ಪಟ್ಟಿಯ ಕೊನೆಯಲ್ಲಿಡಿ.

ನೀರು ಎಷ್ಟು ದಿನಕ್ಕೊಮ್ಮೆ?

ಮನೆ ನೋಡಲು ಹೋದಾಗ ಬ್ರೋಕರ್ ಟೈಲ್ಸು ತೋರಿಸುತ್ತಾನೆ, ಮಾಡ್ಯುಲರ್ ಕಿಚನ್ ತೋರಿಸುತ್ತಾನೆ. ಹುಬ್ಬಳ್ಳಿಯವರಾದರೆ ಕೇಳುವ ಮೊದಲ ಪ್ರಶ್ನೆ ಬೇರೆ: “ನೀರು ಎಷ್ಟ್ ದಿನಕ್ಕೊಮ್ಮೆ ಬಿಡ್ತಾರ್ರೀ?” ಅವಳಿ ನಗರಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು, ಸವದತ್ತಿಯ ಬಳಿಯ ರೇಣುಕಾಸಾಗರದಿಂದ. 2008ರ ಸುಮಾರಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂತು, ದೇಶವೇ ತಿರುಗಿ ನೋಡಿತು. ಆ ಭಾಗ್ಯ ಎಲ್ಲ ವಾರ್ಡುಗಳಿಗೆ ಹಬ್ಬುವುದು ಎಳೆದಾಡುತ್ತಲೇ ಬಂದಿದೆ. ಹಾಗಾಗಿ ಒಂದೇ ಊರಿನಲ್ಲಿ ಒಂದು ಬಡಾವಣೆಯವರಿಗೆ ಸಂಪು ಏಕೆ ಬೇಕೆಂದೇ ಗೊತ್ತಿಲ್ಲ, ಇನ್ನೊಂದರಲ್ಲಿ ನಳಾ ಬರುವ ದಿನ ಮನೆಯಲ್ಲೊಬ್ಬರು ರಜೆ ಹಾಕುತ್ತಾರೆ. ಊರಿನ ನೀರನ್ನು ಕೇಳಬೇಡಿ, ವಾರ್ಡಿನ ನೀರನ್ನು ಕೇಳಿ. ಓನರನ್ನು ಕೇಳಬೇಡಿ, ಎದುರುಮನೆಯವರನ್ನು ಕೇಳಿ.

ಮೈಸೂರಿನ ಹಳೆಯ ಬಡಾವಣೆಗಳಿಗೆ ಕಾವೇರಿ, ಕಬಿನಿಯ ನೀರು ಧಾರಾಳ. ಹೊರವಲಯದ ಹೊಸ ಲೇಔಟ್‌ಗಳಲ್ಲಿ ಬೋರ್‌ವೆಲ್ಲೇ ಗತಿಯಾಗಿರುವ ಕಡೆಗಳಿವೆ. ಮಂಗಳೂರಿಗೆ ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟೇ ಆಧಾರ. ಮುಂಗಾರು ತಡವಾದ 2019, 2023ರಂಥ ವರ್ಷಗಳಲ್ಲಿ ಅಷ್ಟು ಮಳೆ ಸುರಿಯುವ ಊರಿನಲ್ಲೂ ನೀರನ್ನು ಪಾಳಿಯ ಮೇಲೆ ಬಿಟ್ಟರು. ಕರಾವಳಿಯ ಹಿತ್ತಿಲ ಬಾವಿ ಇಂಥ ಹೊತ್ತಿಗೇ ಎರಡನೆಯ ನೀರು. ಬಾವಿ ಇರುವ ಹಳೆಯ ಮನೆ ಸಿಕ್ಕರೆ ಲಿಫ್ಟ್ ಇರುವ ಹೊಸ ಫ್ಲ್ಯಾಟಿಗಿಂತ ಅದಕ್ಕೇ ನನ್ನ ಮತ.

ಇನ್ನು ಮನೆಯ ಕರಾರು. ಬೆಂಗಳೂರಿನಲ್ಲಿರುವಂತೆ ಮೈಸೂರಿನಲ್ಲೂ ‘ಭೋಗ್ಯಕ್ಕೆ ಮನೆ’ ಎಂಬ ಬೋರ್ಡು ಕಾಣುತ್ತದೆ. ಇಡಿಗಂಟು ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಗಂಟು ವಾಪಸು. ಉಳಿತಾಯ ಇರುವವರಿಗೆ ಆಸೆ ಹುಟ್ಟಿಸುವ ಏರ್ಪಾಡು. ತೊಂದರೆ ಇರುವುದು ಓನರ್ ಆ ಗಂಟನ್ನು ಖರ್ಚು ಮಾಡಿಬಿಟ್ಟಾಗ, ಅಥವಾ ಮನೆಯ ಮೇಲಿನ ಬ್ಯಾಂಕ್ ಸಾಲ ಕಟ್ಟದೆ ಬ್ಯಾಂಕಿನವರು ಬೀಗ ಹಾಕಲು ಬಂದಾಗ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಒಂದು ವರ್ಷ ಮೀರಿದ ಭೋಗ್ಯದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ‘ಛಾಪಾ ಕಾಗದ ಸಾಕು ಬಿಡಿ, ನಾವೇನು ಓಡಿಹೋಗ್ತೀವಾ’ ಎನ್ನುವ ಓನರಿಗೆ ನಮಸ್ಕಾರ ಹೇಳಿ ಮುಂದಿನ ಮನೆ ನೋಡಿ.

ಹೋದ ಮೊದಲ ವರ್ಷದಲ್ಲೇ ಸೈಟು ಕೊಳ್ಳುವ ಉಮೇದು ಬೇಡ. ಬೆಂಗಳೂರಿನ ಬೆಲೆ ಕಂಡ ಕಣ್ಣಿಗೆ ಅಲ್ಲಿಯದ್ದೆಲ್ಲ ಪುಕ್ಕಟೆಯಂತೆ ತೋರುತ್ತದೆ, ಊರಿನ ಏಜೆಂಟರಿಗೂ ಅದು ಗೊತ್ತು. ಭೂಪರಿವರ್ತನೆಯಾಗದ, ಪ್ರಾಧಿಕಾರದ ಅನುಮೋದನೆಯಿಲ್ಲದ ಕಂದಾಯ ನಿವೇಶನಗಳು ಎಲ್ಲ ಊರಿನ ಅಂಚಿನಲ್ಲೂ ಮಾರಾಟಕ್ಕಿವೆ. ಪಂಚಾಯಿತಿ ವ್ಯಾಪ್ತಿಯದಾದರೆ ಇ–ಸ್ವತ್ತಿನ ಫಾರಂ 9 ಮತ್ತು 11ಎ ಕೇಳಿ. 11ಬಿ ಮುಂದಿಟ್ಟರೆ ಅನುಮೋದನೆಯಲ್ಲಿ ಏನೋ ಬಾಕಿಯಿದೆ ಎಂದೇ ತಿಳಿದು ವಕೀಲರ ಹತ್ತಿರ ಹೋಗಿ.

ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆ?

ಮೈಸೂರು, ಮಂಗಳೂರುಗಳಿಗೆ ಹೋಗುವವರು ಈ ಭಾಗವನ್ನು ಓದದೆ ಬಿಟ್ಟರೂ ನಡೆದೀತು. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳೇ ಹಲವಿವೆ, ಮಣಿಪಾಲ ಒಂದೂವರೆ ಗಂಟೆಯ ಹಾದಿ. ಹೃದಯದ ಕಾಯಿಲೆಗೆ ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರು, ಕಲಬುರಗಿಗಳಲ್ಲೂ ಇದೆ. ಉಳಿದ ಊರುಗಳಲ್ಲಿ ‘ಒಳ್ಳೆ ಆಸ್ಪತ್ರೆ ಇದೆಯಾ’ ಎಂದು ಕೇಳಿದರೆ ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಕೇಳಬೇಕಾದದ್ದು ನಿಮ್ಮ ಮನೆಯ ಕಾಯಿಲೆಯನ್ನು ಹೆಸರಿಟ್ಟು. ಅಪ್ಪನಿಗೆ ಸ್ಟೆಂಟ್ ಹಾಕಿದ್ದರೆ: ರಾತ್ರಿ ಎರಡು ಗಂಟೆಗೆ ಆಂಜಿಯೊಪ್ಲಾಸ್ಟಿ ಮಾಡುವವರು ಊರಲ್ಲೇ ಇರುತ್ತಾರೋ, ವಾರಕ್ಕೆರಡು ದಿನ ಬೇರೆ ಊರಿನಿಂದ ಬಂದುಹೋಗುತ್ತಾರೋ? ಅವರು ರಜೆ ಹಾಕಿದ ದಿನ ಇನ್ನೊಬ್ಬರು ಯಾರು? ಡಯಾಲಿಸಿಸ್ ಆದರೆ ಎಷ್ಟು ಯಂತ್ರ, ಪಾಳಿ ಸಿಗುತ್ತದೆಯೇ?

ಆರೋಗ್ಯ ವಿಮೆಯ ಕಾಗದವನ್ನೂ ತೆಗೆದು ನೋಡಿ. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ಹಂಚಿ, ಸಣ್ಣ ಊರಿನ ವಿಳಾಸಕ್ಕೆ ಕಡಿಮೆ ಕಂತು ಹಾಕಿರುತ್ತಾರೆ. ಹೊಸ ವಿಳಾಸ ಕೊಟ್ಟು ಕಂತು ಇಳಿಯಿತೆಂದು ಹಿಗ್ಗುವ ಮೊದಲು, ದೊಡ್ಡ ಚಿಕಿತ್ಸೆಗೆ ಬೆಂಗಳೂರಿಗೇ ಬರಬೇಕಾದಾಗ ಬಿಲ್ಲಿನಲ್ಲಿ ಒಂದು ಪಾಲು ನಿಮ್ಮ ತಲೆಗೇ ಬೀಳುತ್ತದೆಯೇ ಎಂದು ಕೇಳಿಕೊಳ್ಳಿ.

ಶಾಲೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹತ್ತನೇ ತರಗತಿವರೆಗೆ ಈ ಎಲ್ಲ ಊರುಗಳಲ್ಲೂ ಆಯ್ಕೆ ಇದೆ. ಮಗು ಒಂಬತ್ತಕ್ಕೆ ಬಂದಿದ್ದರೆ ಎರಡು ವರ್ಷ ತಡೆದು, ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋಗಿ. ವಿಶೇಷ ಅಗತ್ಯವಿರುವ ಮಗುವಾದರೆ ಮಾತ್ರ ಲೆಕ್ಕವೇ ಬೇರೆ: ಥೆರಪಿ ಕೊಡುವವರನ್ನು ಮೊದಲು ಕಂಡು ಮಾತಾಡಿ, ಊರನ್ನು ಆಮೇಲೆ ನಿರ್ಧರಿಸಿ. ಮೈಸೂರಿನಲ್ಲಿ ಮಾತು ಮತ್ತು ಶ್ರವಣದ ಅಖಿಲ ಭಾರತ ಸಂಸ್ಥೆ ಇರುವುದು ಇಂಥ ಮನೆಗಳಿಗೆ ದೊಡ್ಡ ಅನುಕೂಲ.

ಯಾವ ಜನ ನೀವು?

ಇದನ್ನು ಮುಚ್ಚಿಟ್ಟು ಊರಿನ ಹೊಗಳಿಕೆ ಬರೆಯುವುದು ಸರಿಯಲ್ಲ. ಮನೆ ಕೇಳಲು ಹೋದಾಗ ಜಾತಿ, ಊಟ, ಮದುವೆ ಈ ಮೂರೂ ವಿಚಾರಣೆಯಾಗುತ್ತವೆ. ಬೆಂಗಳೂರಿನಲ್ಲೂ ಕೇಳುತ್ತಾರೆ. ಆದರೆ ಅಲ್ಲಿ ಇಲ್ಲ ಎಂದವರ ಪಕ್ಕದ ಬೀದಿಯಲ್ಲೇ ಹೂಂ ಎನ್ನುವವರಿದ್ದಾರೆ. ಸಣ್ಣ ಊರಿನಲ್ಲಿ ಬೇಕಾದ ಬಡಾವಣೆಯೇ ಕೈತಪ್ಪಬಹುದು. ಒಂಟಿ ಮಹಿಳೆಯರಿಗೆ, ಅಂತರ್ಜಾತಿ ದಂಪತಿಗಳಿಗೆ, ಮುಸ್ಲಿಂ ಕುಟುಂಬಗಳಿಗೆ ಇದು ಬಾಡಿಗೆಯ ಅಂಕಿಗಿಂತ ಮೊದಲು ಬಗೆಹರಿಯಬೇಕಾದ ಪ್ರಶ್ನೆ. ರಾತ್ರಿ ಒಂಬತ್ತರ ಮೇಲೆ ಬಸ್ಸು, ಆಟೊ ಹೇಗೆ ಎಂಬುದನ್ನೂ ಹಗಲಿನಲ್ಲಿ ಊಹಿಸಬೇಡಿ. ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವವರಿಗೆ ಚಿಗರಿ ಬಸ್ಸಿದೆ. ಆ 22 ಕಿ.ಮೀ. ದಾರಿಯಿಂದ ಒಳಗಿರುವ ಬಡಾವಣೆಗಳಿಗೆ ಏನಿದೆ ಎಂದು ಒಂದು ರಾತ್ರಿ ಇಳಿದು ನಡೆದೇ ನೋಡಬೇಕು.

ಮುಪ್ಪಿನ ಅಪ್ಪ–ಅಮ್ಮ ಆ ಊರಿನಲ್ಲಿದ್ದಾರೆ, ಅವರಿಗಾಗಿ ಹೋಗುತ್ತಿದ್ದೀರಿ ಎಂದಾದರೆ ಮೇಲಿನ ಎಷ್ಟೋ ಕೊರತೆಗಳನ್ನು ಸಹಿಸಬಹುದು. ಇದರಷ್ಟು ಗಟ್ಟಿಯಾದ ಕಾರಣ ಬೇರೆ ಇಲ್ಲವೆಂದೇ ನನ್ನೆಣಿಕೆ. ಹೊರಡುವ ಮುನ್ನ ಒಡಹುಟ್ಟಿದವರ ಜೊತೆ ಮಾತಾಡಿಕೊಳ್ಳಿ. ಊರಲ್ಲಿರುವ ಮಗನೋ ಮಗಳೋ ಎಲ್ಲ ಹೊಣೆಯನ್ನೂ ಹೊತ್ತು, ಹೊರಗಿರುವವರು ಫೋನಿನಲ್ಲಿ ಸಲಹೆ ಕೊಡುವ ಏರ್ಪಾಡು ತಾನಾಗಿಯೇ ಬಂದುಬಿಡುತ್ತದೆ.

ಕೆಟ್ಟ ತಿಂಗಳಲ್ಲಿ ಇದ್ದು ನೋಡಿ

ದಸರಾ ರಜೆಯಲ್ಲಿ ಮೈಸೂರು ನೋಡಿ, ಡಿಸೆಂಬರಿನಲ್ಲಿ ಮಂಗಳೂರಿನ ಕಡಲು ನೋಡಿ ತೀರ್ಮಾನಿಸುವವರೇ ಹೆಚ್ಚು. ಮಂಗಳೂರಿನ ಸೆಕೆಯನ್ನು ಮೇ ತಿಂಗಳಲ್ಲಿ, ಮಳೆಯನ್ನು ಜುಲೈನಲ್ಲಿ ಅನುಭವಿಸಿ. ಕಲಬುರಗಿಗೆ ಬಿಸಿಲು 40 ಡಿಗ್ರಿ ದಾಟಿದಾಗ ಹೋಗಿ. ಹುಬ್ಬಳ್ಳಿಯ ನೀರಿನ ಪರೀಕ್ಷೆಗೆ ಏಪ್ರಿಲ್–ಮೇ. ಹೋಟೆಲಿನಲ್ಲಿ ಉಳಿಯಬೇಡಿ. ಒಂದು ತಿಂಗಳಿಗೆ ಸಣ್ಣ ಮನೆ ಹಿಡಿದು, ಅಲ್ಲಿಂದಲೇ ಕಚೇರಿ ಕೆಲಸ ಮಾಡಿ, ಸಂತೆಗೆ ಹೋಗಿ, ಕರೆಂಟು ಹೋದಾಗ ಇಂಟರ್ನೆಟ್ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಎರಡನೆಯ ಬ್ರಾಡ್‌ಬ್ಯಾಂಡ್ ಕಂಪನಿ ಆ ಬೀದಿಗೆ ತಂತಿ ಎಳೆದಿದೆಯೇ ಎಂದೂ ಕೇಳಿ. ತಿಂಗಳು ಮುಗಿಯುವ ಹೊತ್ತಿಗೆ ಗಂಡ–ಹೆಂಡತಿ ಬೇರೆ ಬೇರೆ ಕೂತು ಇರಬೇಕೋ ಬೇಡವೋ ಬರೆದು, ಆಮೇಲೆ ಚೀಟಿ ಅದಲುಬದಲು ಮಾಡಿಕೊಳ್ಳಿ.

ಹೋಗುವುದೇ ಆದರೆ ಕಾಗದಪತ್ರದ ಕೆಲಸ ದೊಡ್ಡದಲ್ಲ. ರಾಜ್ಯದೊಳಗೇ ಆದ್ದರಿಂದ ಗಾಡಿಗೆ ಹೊಸ ತೆರಿಗೆ, ಹೊಸ ನಂಬರು ಬೇಕಿಲ್ಲ, ಆರ್.ಸಿ.ಯ ವಿಳಾಸವನ್ನು 30 ದಿನದೊಳಗೆ ಬದಲಿಸಿಕೊಂಡರಾಯಿತು. ಮತದಾರರ ಪಟ್ಟಿಗೆ ನಮೂನೆ 8. ಆಧಾರ್, ಗ್ಯಾಸ್, ಪಡಿತರ ಚೀಟಿ ಬಿಡುವಾದಾಗ.

ತಲೆನೋವಾಗುವುದು ಅಡ್ವಾನ್ಸು. ಹೊಸ ಮನೆಯ ಅಡ್ವಾನ್ಸನ್ನು ಇಂದೇ ಕೊಡಬೇಕು, ಬೆಂಗಳೂರಿನ ಓನರ್ ಕೊಡುವುದು ಮನೆ ಖಾಲಿಯಾಗಿ, ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಮುಂದಿನ ಬಾಡಿಗೆದಾರ ಬಂದ ಮೇಲೆ. ನೋಟಿಸು ಕೊಡುವಾಗಲೇ ದುಡ್ಡು ವಾಪಸು ಕೊಡುವ ತಾರೀಖನ್ನು ವಾಟ್ಸ್ಆ್ಯಪಿನಲ್ಲಾದರೂ ಬರೆಸಿಕೊಳ್ಳಿ. ಆ ದುಡ್ಡು ಎರಡು ತಿಂಗಳು ಬರಲಿಕ್ಕಿಲ್ಲ ಎಂದೇ ಲಾರಿ, ಶಾಲೆಯ ಡೊನೇಷನ್, ಹೊಸ ಅಡ್ವಾನ್ಸುಗಳ ಲೆಕ್ಕ ಹಾಕಿ.